ಬಡವರ ಅನ್ನಕ್ಕೆ ಬಾಳು ಸವೆಸಿದ ರಾಗಿ ಲಕ್ಷ್ಮಣಯ್ಯನವರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಜೀವನದಿಯಿಲ್ಲದ ಕೆಂಪು ನೆಲದ ಸೀಮೆ. ಕೆರೆ ತುಂಬಿದರೆ ಭತ್ತ. ತುಂಬದ ವರ್ಷಗಳಲ್ಲಿ ಇಲ್ಲಿನ ಬಡಕುಟುಂಬಗಳನ್ನು ಕಾಪಾಡಿದ್ದು ಮಳೆಯಾಶ್ರಿತ ರಾಗಿ. ಆ ರಾಗಿಗಾಗಿಯೇ ಆಯುಷ್ಯವನ್ನು ಮುಡಿಪಿಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ಸ್ಮರಿಸುವುದು ನಮ್ಮೆಲ್ಲರ ಕರ್ತವ್ಯ.

1921ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ ಜನಿಸಿದ ಅವರು ಮಂಡ್ಯದ ವಿ.ಸಿ. ಫಾರಂನ ಸಂಶೋಧನಾ ಕ್ಷೇತ್ರವನ್ನೇ ತಮ್ಮ ಕಾಯಕಭೂಮಿಯಾಗಿಸಿಕೊಂಡರು. ಅಕ್ಕಿ, ಗೋಧಿಗಳಿಗೆ ದೊರೆತ ಮನ್ನಣೆ ಅಂದು ರಾಗಿಗೆ ದೊರೆಯುತ್ತಿರಲಿಲ್ಲ. ರಾಗಿಯ ಹೂವೂ ಅತಿ ಸೂಕ್ಷ್ಮವಾದುದು. ತನ್ನ ಪರಾಗದಿಂದ ತಾನೇ ಫಲಿಸುವ ಈ ಬೆಳೆಯಲ್ಲಿ ಎರಡು ತಳಿಗಳನ್ನು ಕೂಡಿಸುವುದು ಅಪಾರ ತಾಳ್ಮೆಯ ಕಾರ್ಯ. ಲಕ್ಷ್ಮಣಯ್ಯನವರು ಅದನ್ನು ಸಾಧಿಸಿದರು. ಅನ್ನಪೂರ್ಣ, ಕಾವೇರಿ, ಪೂರ್ಣ, ಶಕ್ತಿ ಮೊದಲಾದ ತಳಿಗಳನ್ನು ನೀಡಿದ ತರುವಾಯ, ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ, 1970ರ ದಶಕದಿಂದ ಇಂಡಾಫ್ ತಳಿಗಳನ್ನು ರೈತರ ಕೈಗಿತ್ತರು. ಎರಡು ನೆಲಗಳ ಹೆಸರುಗಳು ಸೇರಿ ಆದುದೇ ಇಂಡಾಫ್. ಮಳೆ ತಡವಾದಾಗ ಬಿತ್ತಿದರೂ ಬೇಗನೆ ಕೊಯ್ಲಿಗೆ ಬರುವ ಇಂಡಾಫ್-9ರಂತಹ ತಳಿ ಬಯಲುಸೀಮೆಯ ಸಣ್ಣ ಹಿಡುವಳಿದಾರರಿಗೆ ಆಸರೆಯಾಯಿತು. ಜನರು ಅವರ ಹೆಸರಿಗೆ ರಾಗಿಯನ್ನೇ ಸೇರಿಸಿ ಕರೆದರು. ಅದಕ್ಕಿಂತ ಹಿರಿದಾದ ಬಿರುದು ಬೇರೆ ಬೇಕಿರಲಿಲ್ಲ. 1993ರಲ್ಲಿ ಅವರು ಲಿಂಗೈಕ್ಯರಾದ ಶರಣರಂತೆಯೇ ತಮ್ಮ ಕಾಯಕದ ಫಲವನ್ನು ಲೋಕಕ್ಕೆ ಬಿಟ್ಟು ಅಗಲಿದರು.

ಆ ಫಲದ ಬೆಲೆಯನ್ನು ನಾವು ಅರಿಯಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಅಧಿಕ ಸುಣ್ಣದಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಮುದ್ದೆಗೆ ಸೊಪ್ಪು, ಕಾಳುಗಳ ಬಸ್ಸಾರು ಜೊತೆಯಾದರೆ ಒಂದು ಕೊರತೆಯನ್ನು ಮತ್ತೊಂದು ತುಂಬುತ್ತದೆ. ಮೊಳಕೆ ಕಟ್ಟಿದ ರಾಗಿಯ ಸರಿ ಆರು ತಿಂಗಳು ತುಂಬಿದ ಕೂಸಿಗೂ ಹಿತ.

ಆದರೆ ಇದೇ ಸೀಮೆಯಲ್ಲಿ ರಾಗಿಯ ಎಷ್ಟೋ ಹೊಲಗಳು ನೀಲಗಿರಿ ತೋಪುಗಳಾದವು. ಟೊಮ್ಯಾಟೊ, ಮಾವು, ಹಾಲು ದೂರದ ಪೇಟೆಗಳಿಗೆ ಸಾಗುತ್ತವೆ. ಬೆಳೆದವರ ಮಕ್ಕಳ ತಟ್ಟೆಯಲ್ಲಿ ಬಹುಪಾಲು ಬಿಳಿ ಅನ್ನವೇ ಉಳಿಯುತ್ತದೆ. 2024ರಿಂದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ರಾಗಿ ಮಾಲ್ಟ್ ದೊರೆಯುತ್ತಿರುವುದು ಸಂತಸದ ಸಂಗತಿ. ಆದರೂ ಶಾಲೆಯ ಲೋಟವೊಂದೇ ಸಾಲದು. ಹೊಲದ ಒಂದು ಭಾಗ ಮನೆಯ ಕಣಜಕ್ಕೆಂದು ಮೀಸಲಾಗಲಿ, ಹಿತ್ತಿಲಲ್ಲಿ ಸೊಪ್ಪು ಬೆಳೆಯಲಿ, ಭೂಮಿಯಿಲ್ಲದ ನೆರೆಮನೆಗೆ ಸೇರು ರಾಗಿ ತಲುಪಲಿ. ದಾಸೋಹವು ಅಲ್ಲಿಂದಲೇ ಆರಂಭವಾಗುತ್ತದೆ. ಲಕ್ಷ್ಮಣಯ್ಯನವರಿಗೆ ಸಲ್ಲುವ ನಮನವೂ ಅದೇ.