ಮಾಸ್ತಿಯವರ ವಿಶ್ರಾಂತಿಯ ದಿನಗಳು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಗವಿ ಗಂಗಾಧರೇಶ್ವರನ ಗುಹಾಲಯವಿರುವ ಬಡಾವಣೆಗೆ ಗವಿಪುರವೆಂದು ಹೆಸರು. ಅಲ್ಲಿಂದ ಗಾಂಧಿ ಬಜಾರಿನ ಕಡೆಗೆ ಸಂಜೆಯ ಹೊತ್ತಿನಲ್ಲಿ ನಡೆದುಹೋಗುತ್ತಿದ್ದ ಒಬ್ಬ ಹಿರಿಯರನ್ನು ಆ ಭಾಗದ ಜನ ಎಷ್ಟೋ ವರ್ಷಗಳ ಕಾಲ ನೋಡುತ್ತಿದ್ದರು. ಹಣೆಯಲ್ಲಿ ನಾಮ, ಕಣ್ಣಿಗೆ ಕನ್ನಡಕ, ಮೈಮೇಲೆ ಕೋಟು, ಕೈಯಲ್ಲಿ ಕೊಡೆ. ಅವರನ್ನು ಅರಿಯದವರು ಯಾರೋ ಪಿಂಚಣಿ ಪಡೆಯುವ ಸರ್ಕಾರಿ ಅಧಿಕಾರಿಗಳಿರಬೇಕೆಂದು ತಿಳಿದರೆ ಅದೇನೂ ತಪ್ಪಾಗುತ್ತಿರಲಿಲ್ಲ. ಅವರು ನಿಜವಾಗಿಯೂ ಅಂಥವರೇ. ಆದರೆ ಕನ್ನಡನಾಡು ಅವರನ್ನು ತನ್ನ ಆಸ್ತಿಯೆಂದು ಕರೆದಿತ್ತು. ಅವರ ಈ ಸಂಜೆಯ ಸಂಚಾರವನ್ನು ಬಲ್ಲ ಕವಿ ನಿಸಾರ್ ಅಹಮದರು ಅವರನ್ನೇ ವಸ್ತುವಾಗಿರಿಸಿಕೊಂಡು ಒಂದು ಪದ್ಯವನ್ನು ಬರೆದರು. ಆ ಹಿರಿಯರೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ‘ಶ್ರೀನಿವಾಸ’ ಎಂಬುದು ಅವರ ಕಾವ್ಯನಾಮ.

ಮಾಸ್ತಿಯವರು ಸರ್ಕಾರದ ಸೇವೆಯಲ್ಲಿದ್ದುದು ಸುಮಾರು ೨೯ ವರ್ಷ. ಆ ಸೇವೆಯನ್ನು ಬಿಟ್ಟ ಮೇಲೆ ಅವರು ಬದುಕಿದ್ದು ೪೩ ವರ್ಷ. ದುಡಿಮೆಗಿಂತ ದೊಡ್ಡದಾದ ವಿಶ್ರಾಂತಿ! ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವ ನನಗೆ ಈ ಲೆಕ್ಕ ಮತ್ತೆ ಮತ್ತೆ ಬೆರಗನ್ನು ತರುತ್ತದೆ. ಅವರ ಹುದ್ದೆಗಳ ವಿವರ ಬೇರೆ ಪುಸ್ತಕಗಳಲ್ಲಿ ದೊರೆಯುತ್ತದೆ. ಹುದ್ದೆಯಿಲ್ಲದ ಮಾಸ್ತಿಯವರು ಹೇಗೆ ಬಾಳಿದರೆಂಬುದನ್ನು ಇಲ್ಲಿ ನೋಡೋಣ.

ಅವರು ಹುಟ್ಟಿದ್ದು ೧೮೯೧ನೆಯ ಇಸವಿ ಜೂನ್ ೬ರಂದು, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಮನೆಮಾತು ತಮಿಳು. ಒಂದು ಕಾಲಕ್ಕೆ ಹೆಸರಾಗಿದ್ದ ಮನೆತನ ಅವರ ಬಾಲ್ಯದ ವೇಳೆಗೆ ಬಡತನಕ್ಕೆ ಇಳಿದಿತ್ತು. ಬಂಧುಗಳ ಆಶ್ರಯದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತ ಅವರು ಓದಬೇಕಾಯಿತು. ಬುದ್ಧಿಯೇ ಬಂಡವಾಳವಾಗಿದ್ದ ಹುಡುಗ ಮೈಸೂರು, ಬೆಂಗಳೂರುಗಳನ್ನು ದಾಟಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೯೧೪ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಚಿನ್ನದ ಪದಕದೊಡನೆ ಎಂ.ಎ. ಪದವಿಯನ್ನು ಪಡೆದದ್ದಾಯಿತು. ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಸಿಸ್ಟೆಂಟ್ ಕಮಿಷನರಾದರು. ಮುಂದೆ ಡೆಪ್ಯುಟಿ ಕಮಿಷನರ್, ಅಬಕಾರಿ ಇಲಾಖೆಯ ಕಮಿಷನರ್ ಮೊದಲಾದ ಹುದ್ದೆಗಳನ್ನು ಏರಿದರು. ನಡುವೆಯೇ ಬರವಣಿಗೆಯೂ ಸಾಗಿತ್ತು. ‘ಕೆಲವು ಸಣ್ಣ ಕಥೆಗಳು’ ಪ್ರಕಟವಾದುದು ೧೯೨೦ರಲ್ಲಿ. ೧೯೨೯ರಲ್ಲಿ ಬೆಳಗಾವಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಅವರಿಗೆ ೩೮ ವರ್ಷ.

ಆ ಕಾಲದ ದೊಡ್ಡ ಅಧಿಕಾರಿಯ ಬಾಳು ಹೇಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಸ್ವಲ್ಪ ಊಹಿಸಿಕೊಳ್ಳಬೇಕು. ಜಮಾಬಂದಿಗೆ ಹೊರಟರೆ ಹಳ್ಳಿಯ ಪಟೇಲ, ಶಾನುಭೋಗರು ಎದುರುಗೊಳ್ಳುವರು. ಮೊಕ್ಕಾಮಿನ ಜಾಗದಲ್ಲಿ ಡೇರೆ ಸಿದ್ಧವಾಗಿರುವುದು. ಕಚೇರಿಯ ಬಾಗಿಲಲ್ಲಿ ದಫೇದಾರನು ನಿಂತು ಕೈಮುಗಿಯುವನು. ಸಾವಿರಾರು ಜನರ ಭೂಮಿಕಾಣಿ, ಕಂದಾಯ, ತಗಾದೆಗಳು ಒಬ್ಬರ ಸಹಿಗಾಗಿ ಕಾದಿರುವುವು. ಇಂಥ ಬಾಳಿಗೆ ವರ್ಷಗಟ್ಟಲೆ ಒಗ್ಗಿಕೊಂಡ ಮನುಷ್ಯ ಅದನ್ನು ಒಂದು ದಿನ ಬಿಟ್ಟುಬಿಡುವುದು ಸುಲಭವಲ್ಲ.

೧೯೪೨ರಲ್ಲಿ ಮಹಾರಾಜರು ಮಾಸ್ತಿಯವರಿಗೆ ‘ರಾಜಸೇವಾಸಕ್ತ’ ಎಂಬ ಬಿರುದನ್ನಿತ್ತು ಗೌರವಿಸಿದರು. ಮರುವರ್ಷವೇ ಅವರು ಆ ಸೇವೆಯನ್ನು ತೊರೆದರು! ಸಂಸ್ಥಾನದ ಮಂತ್ರಿಪದವಿಗೆ ಸಮಾನವಾದ ಸ್ಥಾನವೊಂದು ಸೇವಾವಧಿಯ ಲೆಕ್ಕದಲ್ಲಿ ಅವರಿಗೆ ಬರಬೇಕಾಗಿತ್ತು. ಅದು ಅವರಿಗಿಂತ ಕಿರಿಯರಾದವರ ಪಾಲಾಯಿತು. ಮಾಸ್ತಿಯವರು ಹುದ್ದೆಗೆ ರಾಜೀನಾಮೆಯನ್ನು ಸಲ್ಲಿಸಿ ಹೊರಬಂದರು. ಆಗ ಅವರಿಗೆ ೫೨ ವರ್ಷ. ಈ ಘಟನೆಯನ್ನು ದೊಡ್ಡ ತ್ಯಾಗವೆಂದು ಬಣ್ಣಿಸುವ ರೂಢಿಯುಂಟು. ನನಗೆ ಹಾಗೆ ತೋರುವುದಿಲ್ಲ. ನ್ಯಾಯವಾಗಿ ದೊರೆಯಬೇಕಾದುದು ದೊರೆಯದಾಗ ಯಾವ ಮನುಷ್ಯನಿಗೂ ನೋವಾಗುತ್ತದೆ, ಅವರಿಗೂ ಆಗಿರಬೇಕು. ರಾಜೀನಾಮೆಯಲ್ಲಿ ಅಭಿಮಾನದ ಬಿಸಿಯಿತ್ತು. ನೋಡಬೇಕಾದುದು ಆ ಬಿಸಿ ಆಮೇಲೆ ಏನಾಯಿತೆಂಬುದನ್ನು. ಅಧಿಕಾರ ಕಳೆದುಕೊಂಡ ಎಷ್ಟೋ ಜನ ಉಳಿದ ಆಯುಷ್ಯವನ್ನೆಲ್ಲ ತಮಗಾದ ಅನ್ಯಾಯವನ್ನು ಹೇಳಿಕೊಳ್ಳುವುದರಲ್ಲಿಯೇ ಕಳೆಯುತ್ತಾರೆ. ಕೇಳುವವರು ದಿನದಿನಕ್ಕೆ ಕಡಿಮೆಯಾಗುತ್ತಾರೆ. ಹೇಳುವವರ ದನಿ ಮಾತ್ರ ಏರುತ್ತ ಹೋಗುತ್ತದೆ.

ಮನೆಯಲ್ಲಿ ಸಂಸಾರ ದೊಡ್ಡದು. ಪತ್ನಿ ಪಂಕಜಮ್ಮನವರು; ಹೆಣ್ಣುಮಕ್ಕಳು ಆರು ಮಂದಿ. ಕಾಲವಾದರೋ ಎರಡನೆಯ ಮಹಾಯುದ್ಧದ ಕಾಲ. ಅಕ್ಕಿ, ಸೀಮೆಎಣ್ಣೆಗಳಿಗೂ ಪರದಾಟ. ಪೂರ್ತಿ ಸಂಬಳ ಬರುತ್ತಿದ್ದ ಕಡೆ ಇನ್ನು ಮೇಲೆ ವಿಶ್ರಾಂತಿವೇತನ ಮಾತ್ರ. ಯಜಮಾನರು ಅಭಿಮಾನದಿಂದ ಕೆಲಸ ಬಿಟ್ಟರೆ ಅದರ ಭಾರ ಅಡಿಗೆಮನೆಯವರೆಗೂ ಹೋಗುತ್ತದೆ. ಅಭಿಮಾನಿಗಳಾದ ಗಂಡಸರ ಚರಿತ್ರೆಯನ್ನು ಬರೆಯುವವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಮಾಸ್ತಿಯವರ ಮುಂದಿನ ಬದುಕು ನಿಶ್ಚಿಂತೆಯಾಗಿ ಸಾಗಿತೆಂದರೆ ಅದರಲ್ಲಿ ಪಂಕಜಮ್ಮನವರ ಪಾಲೂ ಇದೆಯೆಂದು ತಿಳಿಯಬೇಕು.

ಹೀಗೆ ಬಿಡುವಾದವರು ಹಾಯಾಗಿ ಕುಳಿತರೆ? ಇಲ್ಲ. ಧಾರವಾಡದಲ್ಲಿ ಆರಂಭವಾಗಿದ್ದ ‘ಜೀವನ’ ಎಂಬ ಮಾಸಪತ್ರಿಕೆಯ ಭಾರವನ್ನು ೧೯೪೪ರಲ್ಲಿ ತಮ್ಮ ಮೇಲೆ ಹೊತ್ತುಕೊಂಡರು. ಯುದ್ಧದಿಂದಾಗಿ ಕಾಗದಕ್ಕೆ ನಿಯಂತ್ರಣವಿದ್ದ ದಿನಗಳು ಅವು. ಮಾಸಪತ್ರಿಕೆಯೆಂದರೆ ಬರಿಯ ಸಾಹಿತ್ಯವಲ್ಲ. ಲೇಖನ ತರಿಸಬೇಕು, ಬಂದವನ್ನು ಓದಬೇಕು, ಬೇಡವಾದವನ್ನು ಬರೆದವರ ಮನಸ್ಸು ನೋಯದಂತೆ ಹಿಂದಿರುಗಿಸಬೇಕು. ಅಚ್ಚುಕೂಟದಿಂದ ಬಂದ ಕರಡನ್ನು ಅಕ್ಷರ ಅಕ್ಷರವಾಗಿ ತಿದ್ದಬೇಕು. ಚಂದಾದಾರರ ಹೆಸರು, ವಿಳಾಸ, ಬಾಕಿಗಳ ಲೆಕ್ಕವಿಡಬೇಕು. ಮೇಲುಹೊದಿಕೆ ಸುತ್ತಿ ಅಂಚೆಗೆ ಕಳುಹಿಸಬೇಕು. ಜಿಲ್ಲೆಯ ಕಂದಾಯದ ಲೆಕ್ಕಗಳನ್ನು ನೋಡಿದ್ದವರು ಕೆಲವೇ ರೂಪಾಯಿಗಳ ಚಂದಾ ಹಣದ ಲೆಕ್ಕಕ್ಕೆ ಕುಳಿತರು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ. ೧೯೬೫ರವರೆಗೆ, ಅಂದರೆ ೨೧ ವರ್ಷ! ಕನ್ನಡದ ಪತ್ರಿಕೆಯಿಂದ ಲಾಭವನ್ನು ನಿರೀಕ್ಷಿಸುವ ಕಾಲ ಅದಾಗಿರಲಿಲ್ಲ. ‘ಜೀವನ ಕಾರ್ಯಾಲಯ’ದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸುವ ಕೆಲಸವೂ ನಡೆಯಿತು.

ಅವರ ಕಥೆಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ಒಬ್ಬರು ಹೇಳುತ್ತಿರುತ್ತಾರೆ, ಇನ್ನೊಬ್ಬರು ಕೇಳುತ್ತಿರುತ್ತಾರೆ. ಊಟ ಮುಗಿಸಿ ಜಗುಲಿಯ ಮೇಲೆ ಕುಳಿತು ಹಿರಿಯರು ತಾವು ಕಂಡದ್ದನ್ನು ನೆನೆದು ಹೇಳುವ ಧಾಟಿ ಅದು. ‘ಮೊಸರಿನ ಮಂಗಮ್ಮ’ ಎಂಬ ಕಥೆಯನ್ನೇ ತೆಗೆದುಕೊಳ್ಳಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮುದುಕಿ ಮಂಗಮ್ಮ. ಮೊಸರು ಕೊಳ್ಳುವ ಮನೆಯ ಗೃಹಿಣಿಯ ಮುಂದೆ ಗಡಿಗೆಯಿಳಿಸಿ ತನ್ನ ಮನೆಯ ಕಷ್ಟಸುಖವನ್ನು ತೋಡಿಕೊಳ್ಳುತ್ತಾಳೆ. ಸೊಸೆ ಮೊಮ್ಮಗನನ್ನು ಹೊಡೆದಳು. ಅತ್ತೆ ಅಡ್ಡ ಬಂದಳು. ಮಾತಿಗೆ ಮಾತು ಬೆಳೆದು ಒಲೆ ಬೇರೆಯಾಯಿತು. ಇದು ಯಾವ ಊರಿನಲ್ಲಿ ನಡೆಯದ ಸಂಗತಿ? ಇದರಲ್ಲಿ ಕಥೆಯೇನಿದೆ ಎಂದು ನಾವು ದಾಟಿಹೋಗುವ ಕಡೆಯಲ್ಲಿ ಮಾಸ್ತಿಯವರು ನಿಂತು ಕೇಳಿದರು. ಮಗನ ಮೇಲಿನ ಹಕ್ಕು ತಾಯಿಯದೋ ಹೆಂಡತಿಯದೋ ಎಂಬ ಹಳೆಯ ಜಗಳದ ಒಳಗೆ ಎರಡು ಹೆಣ್ಣುಜೀವಗಳ ಭಯವನ್ನು ಕಂಡರು. ಹಳ್ಳಿಯವರ ಅಹವಾಲುಗಳನ್ನು ಕೇಳುವುದು ಅವರಿಗೆ ಒಂದು ಕಾಲಕ್ಕೆ ಕಚೇರಿಯ ಕರ್ತವ್ಯವಾಗಿತ್ತು. ಕಚೇರಿ ಹೋಯಿತು, ಕೇಳುವ ಕಿವಿ ಉಳಿಯಿತು. ಬದುಕಿನ ಕ್ರೌರ್ಯವನ್ನು ಅವರು ತೀರ ಮೆತ್ತಗೆ ಮುಟ್ಟುತ್ತಾರೆಂದು ಆಕ್ಷೇಪಿಸಿದ ವಿಮರ್ಶಕರೂ ಇದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೆತ್ತಗೆ ಮುಟ್ಟಿದ ಮಾತ್ರಕ್ಕೆ ನೋವು ಕಾಣಲಿಲ್ಲವೆಂದು ಹೇಳಲಾಗದು.

ಅವರ ದೊಡ್ಡ ಕಾದಂಬರಿಗಳೆರಡೂ ಹುಟ್ಟಿದ್ದು ಈ ವಿಶ್ರಾಂತಿಯ ಕಾಲದಲ್ಲಿಯೇ. ‘ಚನ್ನಬಸವನಾಯಕ’ ಬಿದನೂರಿನ ಸಂಸ್ಥಾನದ ಕೊನೆಗಾಲದ ಕಥೆ. ೧೯೫೬ರಲ್ಲಿ ಬಂದ ‘ಚಿಕವೀರ ರಾಜೇಂದ್ರ’ ಕೊಡಗಿನ ಕಡೆಯ ಅರಸನ ಕಥೆ. ಆ ಅರಸನನ್ನು ಇಂಗ್ಲಿಷರು ಪದಚ್ಯುತಗೊಳಿಸಿದ್ದು ೧೮೩೪ರಲ್ಲಿ. ಎರಡರಲ್ಲಿಯೂ ರಾಜ್ಯವೊಂದು ಕುಸಿದು ಬೀಳುವುದೇ ವಸ್ತುವಾಗಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಕೊಡಗಿನ ಅರಸನ ನಿಗ್ರಹವಿಲ್ಲದ ನಡತೆ, ಅವನ ಬೆನ್ನಿಗಿದ್ದ ಕುಂಟ ಬಸವನ ಕುಟಿಲ, ಬೋಪಣ್ಣ, ಲಕ್ಷ್ಮೀನಾರಾಯಣಯ್ಯರೆಂಬ ಮಂತ್ರಿಗಳ ಇಕ್ಕಟ್ಟು, ರಾಣಿ ಗೌರಮ್ಮನ ತಾಳ್ಮೆ—ಇವುಗಳನ್ನು ಓದುವಾಗ, ಆಡಳಿತವೆಂಬ ಯಂತ್ರದ ಒಳಗಿನ ಕೀಲುಗಳನ್ನು ಹತ್ತಿರದಿಂದ ಕಂಡವರ ಕೈ ಇದೆಂದು ಯಾರಿಗಾದರೂ ತಿಳಿಯುತ್ತದೆ. ಒಡೆಯನು ತಪ್ಪಿ ನಡೆದಾಗ ಸೇವಕನು ಎಲ್ಲಿಯವರೆಗೆ ಅವನ ಜೊತೆಯಲ್ಲಿರಬೇಕು, ಎಲ್ಲಿ ಬಿಟ್ಟು ಬರಬೇಕು? ಬೋಪಣ್ಣನ ಮನಸ್ಸನ್ನು ಕೊರೆಯುವ ಪ್ರಶ್ನೆಯಿದು. ಒಮ್ಮೆ ರಾಜೀನಾಮೆಯನ್ನು ಬರೆದುಕೊಟ್ಟಿದ್ದ ಲೇಖಕರಿಗೆ ಆ ಪ್ರಶ್ನೆಯ ತೂಕ ಗೊತ್ತಿತ್ತು.

ಷೇಕ್ಸ್‌ಪಿಯರನ ಲಿಯರ್ ಮಹಾರಾಜನ ನಾಟಕವನ್ನೂ ಮಾಸ್ತಿಯವರು ಕನ್ನಡಿಸಿದ್ದಾರೆ. ಆ ಮುದಿಯರಸನು ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚಿಕೊಟ್ಟ ಮೇಲೂ ರಾಜಮರ್ಯಾದೆ ತನಗೆ ನಡೆಯುತ್ತಿರಲೆಂದು ಬಯಸಿ ಕೆಟ್ಟನು. ಹೆಣ್ಣುಮಕ್ಕಳ ತಂದೆಯಾದ ಈ ನಿವೃತ್ತ ಅಧಿಕಾರಿಗಳ ವರ್ತನೆ ಬೇರೆಯಾಗಿತ್ತು. ಹಳೆಯ ಹುದ್ದೆಯ ನೆರಳನ್ನು ಬೆನ್ನ ಹಿಂದೆ ಎಳೆದುಕೊಂಡು ಓಡಾಡದೆ, ಕೊಡೆಯೊಂದನ್ನು ಹಿಡಿದು ತಾವೇ ನಡೆದರು.

ನಡೆದು ಎಲ್ಲಿಗೆ ಹೋಗುತ್ತಿದ್ದರೆಂಬುದನ್ನು ಹೇಳಬೇಕಷ್ಟೆ. ಬಸವನಗುಡಿಯ ಕ್ಲಬ್ಬಿಗೆ, ಅಲ್ಲಿ ಗೆಳೆಯರೊಡನೆ ಇಸ್ಪೀಟಾಡಲು! ಪಾಠದ ಪುಸ್ತಕದಲ್ಲಿ ಇಸ್ಪೀಟಿನ ಮಾತೇಕೆಂದು ನಿಮ್ಮ ಉಪಾಧ್ಯಾಯರು ಹುಬ್ಬೇರಿಸಬಹುದು. ಆದರೆ ಇದ್ದುದನ್ನು ಇದ್ದಂತೆ ಹೇಳದೆ ವಿಧಿಯಿಲ್ಲ. ದೈವಭಕ್ತರು, ಆಚಾರವಂತರು, ರಾಮನ ಪಟ್ಟಾಭಿಷೇಕವನ್ನು ಕಾವ್ಯವಾಗಿ ಬರೆದವರು ಸಂಜೆಯಾಯಿತೆಂದರೆ ಎಲೆಗಳನ್ನು ಹಿಡಿದು ಕುಳಿತು ನಗುತ್ತಿದ್ದರು. ಸಾಹಿತಿಯೆಂದರೆ ಸದಾ ಗಂಭೀರನಾಗಿ ಆಕಾಶವನ್ನು ನೋಡುತ್ತಿರಬೇಕೆಂಬ ಭ್ರಮೆ ಅವರಿಗಿರಲಿಲ್ಲ. ಆ ‘ಶ್ರೀರಾಮ ಪಟ್ಟಾಭಿಷೇಕ’ ಹೊರಬಂದುದು ೧೯೭೨ರಲ್ಲಿ, ಅವರಿಗೆ ೮೧ ವರ್ಷವಾಗಿದ್ದಾಗ.

ವಯಸ್ಸಾದವರ ದೊಡ್ಡ ಸಂಪತ್ತು ನೆನಪು. ಮಾಸ್ತಿಯವರು ತಮ್ಮ ನೆನಪುಗಳನ್ನು ‘ಭಾವ’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಬರೆದಿಟ್ಟರು. ಹುಟ್ಟಿದ ಹಳ್ಳಿ, ಸಾಕಿದ ಹಿರಿಯರು, ಓದಿದ ಊರುಗಳು, ಕಚೇರಿಯ ದಿನಗಳು, ಸಾಹಿತ್ಯದ ಒಡನಾಡಿಗಳು ಎಲ್ಲವೂ ಅಲ್ಲಿ ಬರುತ್ತವೆ. ಬಡತನದಲ್ಲಿ ಒಂದು ಹೊತ್ತಿನ ಊಟವಿಟ್ಟವರ ಉಪಕಾರವನ್ನು ಮರೆಯದ ಮನಸ್ಸು ಆ ಬರಹದಲ್ಲಿದೆ. ಮನುಷ್ಯನು ತನಗಾದ ಉಪಕಾರವನ್ನು ನೀರಿನ ಮೇಲೂ ಅಪಕಾರವನ್ನು ಕಲ್ಲಿನ ಮೇಲೂ ಬರೆದಿಡುವುದು ಲೋಕದ ರೂಢಿ; ಇಲ್ಲಿ ಅದು ತಿರುಗುಮುರುಗಾಗಿದೆ.

ಗೌರವಗಳು ಸಾಲಾಗಿ ಬಂದವು. ‘ಸಣ್ಣ ಕಥೆಗಳು’ ಎಂಬ ಕಥಾಮಾಲೆಯ ಸಂಪುಟಗಳಿಗೆ ೧೯೬೮ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ. ವಿಶ್ವವಿದ್ಯಾನಿಲಯಗಳಿಂದ ಡಾಕ್ಟರೇಟ್ ಪದವಿಗಳು. ಕಡೆಗೆ ೧೯೮೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ಅದು ನಾಲ್ಕನೆಯದು. ಮಾಸ್ತಿಯವರು ಆ ಮೂವರಿಗೂ ಹಿರಿಯರಾಗಿದ್ದರು. ೧೯೪೩ರಲ್ಲಿ ತಪ್ಪಿಹೋದ ಆ ಮಂತ್ರಿಸ್ಥಾನದ ನೆನಪು ಆ ವೇಳೆಗೆ ನಾಡಿನಲ್ಲಿ ಯಾರಿಗೂ ಇದ್ದಂತಿರಲಿಲ್ಲ.

೧೯೮೬ನೆಯ ಇಸವಿ ಜೂನ್ ೬ರಂದು ಮಾಸ್ತಿಯವರಿಗೆ ೯೫ ವರ್ಷ ತುಂಬಿತು. ಅದೇ ದಿನ ಅವರು ತೀರಿಕೊಂಡರು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದಲ್ಲಿರುವ ಅವರ ಮನೆಯನ್ನು ಸರ್ಕಾರವು ಆಮೇಲೆ ಗ್ರಂಥಾಲಯವನ್ನಾಗಿ ಮಾಡಿತು.