ಗಣಕಯಂತ್ರಕ್ಕೆ ದಾರಿ ತೋರಿದ ಅಲನ್ ಟ್ಯೂರಿಂಗ್



ಶಿಕಾರಿಪುರದಲ್ಲಿಯೋ ಸೊರಬದಲ್ಲಿಯೋ ತಾಲ್ಲೂಕು ಕಚೇರಿಗೆ ಹೋಗಿ ನಿಮ್ಮ ಜಮೀನಿನ ಪಹಣಿ ಕೇಳಿದರೆ ಕಂಪ್ಯೂಟರ್ ಅದನ್ನು ಮುದ್ರಿಸಿ ಕೊಡುತ್ತದೆ. ಅಂಥದೇ ಕಂಪ್ಯೂಟರ್ ಬ್ಯಾಂಕಿನಲ್ಲಿ ಲೆಕ್ಕ ಇಡುತ್ತದೆ, ಮುದ್ರಣಾಲಯದಲ್ಲಿ ಮದುವೆಯ ಕರೆಯೋಲೆಯ ಅಕ್ಷರ ಜೋಡಿಸುತ್ತದೆ. ಒಂದೇ ಯಂತ್ರ ಇಷ್ಟು ಬಗೆಯ ಕೆಲಸ ಮಾಡಬಲ್ಲದೆಂದು, ಅಂಥ ಯಂತ್ರ ಹುಟ್ಟುವ ಮೊದಲೇ ಗಣಿತದ ಮೂಲಕ ತೋರಿಸಿಕೊಟ್ಟವರು ಇಂಗ್ಲೆಂಡಿನ ಅಲನ್ ಟ್ಯೂರಿಂಗ್. ಅವರ ಬಾಳಿನ ಕತೆ ಗಣಿತ ಬಲ್ಲವರಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳನ್ನು ಸಾಕಿ ಬೆಳೆಸುವ ನಿಮಗೂ ಅದು ಸೇರಿದ್ದು.

ಆ ಮನೆತನಕ್ಕೆ ನಮ್ಮ ನೆಲದ ನಂಟಿತ್ತು. ತಂದೆ ಜೂಲಿಯಸ್ ಟ್ಯೂರಿಂಗ್ ಐ.ಸಿ.ಎಸ್. ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದ ಅವರು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದರು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ; ಆಕೆಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರ್ ಆಗಿದ್ದವರು. ಹಿರಿಯ ಮಗ ಜಾನ್ 1908ರಲ್ಲಿ ಕೂನೂರಿನಲ್ಲಿ ಹುಟ್ಟಿದ. ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ.

ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ ಭಾರತಕ್ಕೆ ಮರಳಿದರು. 1913ರ ಸೆಪ್ಟೆಂಬರಿನಲ್ಲಿ ತಾಯಿಯೂ ಹೊರಟರು. ಇಲ್ಲಿನ ಹವೆ ಮಕ್ಕಳಿಗೆ ಒಗ್ಗದೆಂಬ ಭಯದಿಂದ ಇಬ್ಬರು ಹುಡುಗರನ್ನೂ ಸಮುದ್ರತೀರದ ಒಂದು ಊರಿನಲ್ಲಿ, ನಿವೃತ್ತ ಕರ್ನಲ್ ಒಬ್ಬರ ಮನೆಯಲ್ಲಿ ಬಿಟ್ಟರು. ಓದಿಗಾಗಿ ಮಕ್ಕಳನ್ನು ಶಿವಮೊಗ್ಗದ ಹಾಸ್ಟೆಲಿಗೋ ಮಂಗಳೂರಿನ ಬೋರ್ಡಿಂಗಿಗೋ ಸೇರಿಸಿ ಬಸ್ಸು ಹತ್ತಿದ ತಂದೆತಾಯಿಗಳಿಗೆ ಆ ಅಗಲಿಕೆಯ ನೋವು ತಿಳಿದೇ ಇದೆ. ಆದರೆ ಅಲನ್‌ಗೆ ಆಗ ವಯಸ್ಸು ಒಂದೂಕಾಲು ವರ್ಷ. ತಾಯಿಗೂ ಮಗುವಿಗೂ ನಡುವೆ ಸಾಗರಗಳೇ ಇದ್ದವು.

ಶಾಲೆಯಲ್ಲಿ ಅಲನ್ ಅಚ್ಚುಕಟ್ಟಾದ ಹುಡುಗನಾಗಿರಲಿಲ್ಲ. ಬರವಣಿಗೆ ಕೆಟ್ಟದು, ಬಟ್ಟೆಯ ಮೇಲೆ ಮಸಿ. ಉಪಾಧ್ಯಾಯರಿಗೆ ಅವನ ಮೇಲೆ ದೂರುಗಳೇ ಹೆಚ್ಚು. ಆದರೆ ಹಿಡಿದ ಕೆಲಸ ಬಿಡುವವನಲ್ಲ. 1926ರಲ್ಲಿ ಶರ್ಬೋರ್ನ್ ಶಾಲೆ ಸೇರಲು ಹೊರಟ ದಿನ ದೇಶದಾದ್ಯಂತ ಮುಷ್ಕರ ಆರಂಭವಾಗಿ ರೈಲು ನಿಂತಿತು. ಹದಿನಾಲ್ಕೂ ತುಂಬದ ಹುಡುಗ ಸುಮಾರು 100 ಕಿ.ಮೀ. ದೂರವನ್ನು ಸೈಕಲ್ ತುಳಿದುಕೊಂಡೇ ಹೋಗಿ ಶಾಲೆ ಸೇರಿದ.

ಅಲ್ಲಿ ಅವನಿಗೆ ಕ್ರಿಸ್ಟೊಫರ್ ಮಾರ್ಕಮ್ ಎಂಬ ಜೀವದ ಗೆಳೆಯ ಸಿಕ್ಕಿದ. ಇಬ್ಬರಿಗೂ ಗಣಿತ, ನಕ್ಷತ್ರಗಳೆಂದರೆ ಪ್ರಾಣ. 1930ರ ಫೆಬ್ರವರಿಯಲ್ಲಿ ಕ್ರಿಸ್ಟೊಫರ್ ಕ್ಷಯದಿಂದ ತೀರಿಕೊಂಡ. ಚಿಕ್ಕಂದಿನಲ್ಲಿ ಕುಡಿದ ಹಸುವಿನ ಹಾಲಿನಿಂದ ತಗುಲಿದ ರೋಗವದು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕೆಂಬ ನಮ್ಮ ಅಜ್ಜಿಯರ ಮಾತು ಎಷ್ಟು ನಿಜವೆಂದು ಯೋಚಿಸಿ. ಅಗಲಿದ ಗೆಳೆಯನ ಆತ್ಮ ಏನಾಯಿತು, ದೇಹಕ್ಕೂ ಆತ್ಮಕ್ಕೂ ಇರುವ ನಂಟೇನು ಎಂಬ ಪ್ರಶ್ನೆ ಅಲನ್‌ನನ್ನು ಕಾಡಿತು. ಅದರ ಬಗ್ಗೆ ಬರೆದು ಗೆಳೆಯನ ತಾಯಿಗೆ ಕೊಟ್ಟ. ಮುಂದೆ ಅವರು ದೈವವಿಶ್ವಾಸದಿಂದ ದೂರ ಸರಿದರು. ಆದರೆ ಮನಸ್ಸು ಎಂದರೇನು ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಬಿಡಲಿಲ್ಲ.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದ ಟ್ಯೂರಿಂಗ್, 22ನೆಯ ವಯಸ್ಸಿನಲ್ಲೇ ಅಲ್ಲಿನ ಫೆಲೋ ಆದರು. 1936ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧ ಬರೆದರು. ಚೌಕಗಳಾಗಿ ವಿಂಗಡಿಸಿದ ಉದ್ದನೆಯ ಕಾಗದದ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಯಂತ್ರ ಒಮ್ಮೆಗೆ ಒಂದು ಚೌಕವನ್ನು ಓದುತ್ತದೆ, ಅಳಿಸುತ್ತದೆ ಇಲ್ಲವೇ ಬರೆಯುತ್ತದೆ, ಪಕ್ಕಕ್ಕೆ ಸರಿಯುತ್ತದೆ. ಏನು ಮಾಡಬೇಕೆಂಬ ಆದೇಶಗಳನ್ನೂ ಪಟ್ಟಿಯ ಮೇಲೇ ಬರೆದುಕೊಟ್ಟರೆ, ಆದೇಶ ಬದಲಾದಂತೆ ಅದೇ ಯಂತ್ರ ಬೇರೆ ಕೆಲಸ ಮಾಡುತ್ತದೆ. ಇಂದಿನ ಎಲ್ಲ ಕಂಪ್ಯೂಟರುಗಳ ಹಿಂದಿರುವ ತತ್ತ್ವ ಇದೇ. 1938ರಲ್ಲಿ ಅವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಎರಡನೆಯ ಮಹಾಯುದ್ಧ ಬಂತು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಗುಪ್ತ ಸಂದೇಶ ಕಳುಹಿಸುತ್ತಿದ್ದರು. ಪೋಲೆಂಡಿನ ಗಣಿತಜ್ಞರು ಅದನ್ನು ಮೊದಲು ಭೇದಿಸಿ, 1939ರಲ್ಲಿ ತಮ್ಮ ವಿದ್ಯೆಯನ್ನು ಬ್ರಿಟಿಷರಿಗೂ ಫ್ರೆಂಚರಿಗೂ ತಿಳಿಸಿದ್ದರು. ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಟ್ಯೂರಿಂಗ್ ಆ ಕೆಲಸವನ್ನು ಮುಂದುವರಿಸಿ, ದಿನದಿನವೂ ಬದಲಾಗುವ ಗುಟ್ಟನ್ನು ಹುಡುಕುವ ಭಾರಿ ಯಂತ್ರವನ್ನು ರೂಪಿಸಿದರು. ಜರ್ಮನ್ ನೌಕಾಪಡೆಯ ಸಂದೇಶಗಳನ್ನು ಓದುವ ತಂಡವನ್ನೂ ನಡೆಸಿದರು. ಸಾಗರದಲ್ಲಿ ಮುಳುಗಬಹುದಾಗಿದ್ದ ಎಷ್ಟೋ ಹಡಗುಗಳು, ಎಷ್ಟೋ ಜೀವಗಳು ಉಳಿದವು. ಆದರೆ ಈ ಕೆಲಸ 1970ರ ದಶಕದವರೆಗೂ ಗುಟ್ಟಾಗಿಯೇ ಇತ್ತು.

ಅಲ್ಲಿ ಜೊತೆಗೆ ದುಡಿಯುತ್ತಿದ್ದ ಜೋನ್ ಕ್ಲಾರ್ಕ್ ಎಂಬ ಗಣಿತಜ್ಞೆಯೊಡನೆ 1941ರಲ್ಲಿ ಅವರ ಮದುವೆ ನಿಶ್ಚಯವಾಯಿತು. ಟ್ಯೂರಿಂಗ್ ಅವರಿಗೆ ಒಲವಿದ್ದದ್ದು ಗಂಡಸರ ಕಡೆಗೆ. ಅದನ್ನು ಅವರು ಜೋನ್‌ಗೆ ಮುಚ್ಚಿಡದೆ ತಿಳಿಸಿದರು. ಕೆಲವು ತಿಂಗಳಲ್ಲಿ ತಾವೇ ಆ ಸಂಬಂಧದಿಂದ ಹಿಂದೆ ಸರಿದರು. ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಮಗನನ್ನು ಒತ್ತಾಯಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅರಿಯದ ಹೆಣ್ಣುಮಗಳೊಬ್ಬಳ ಬಾಳನ್ನು ಸುಳ್ಳಿನ ಮೇಲೆ ಕಟ್ಟಲು ಆ ಮನುಷ್ಯ ಒಪ್ಪಲಿಲ್ಲ ಎಂಬುದನ್ನು ಗಮನಿಸಿ.

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ಕಂಪ್ಯೂಟರಿನ ವಿನ್ಯಾಸ ರಚಿಸಿದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರೀಡರ್ ಆದರು. ಯಂತ್ರ ಯೋಚಿಸಬಲ್ಲದೇ ಎಂಬ ಬಗ್ಗೆ 1950ರಲ್ಲಿ ಬರೆದ ಅವರ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಬಂತು. ಚಿರತೆಯ ಮೈಮೇಲಿನ ಚುಕ್ಕೆಯಂಥ ಚಿತ್ತಾರಗಳು ಹೇಗೆ ಮೂಡುತ್ತವೆ, ಸೂರ್ಯಕಾಂತಿಯ ಬೀಜಗಳು ಏಕೆ ಸುರುಳಿಯಾಗಿ ಜೋಡಿಸಿಕೊಳ್ಳುತ್ತವೆ ಎಂದು ಗಣಿತದಿಂದ ಹುಡುಕಿದರು. ಸೊರಬ, ಬನವಾಸಿ ಕಡೆಯ ಅನಾನಸ್ ಹಣ್ಣನ್ನು ತಿರುಗಿಸಿ ನೋಡಿ. ಅದರ ಕಣ್ಣುಗಳೂ ಅಂಥದೇ ಸುರುಳಿಗಳಲ್ಲಿ ಕುಳಿತಿವೆ.

1952ರಲ್ಲಿ ಟ್ಯೂರಿಂಗ್ ಅವರ ಮನೆಯಲ್ಲಿ ಕಳವಾಯಿತು. ಅವರೇ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಒಬ್ಬ ಗಂಡಸಿನೊಡನೆ ತಮಗಿದ್ದ ಸಂಬಂಧವನ್ನು ಮುಚ್ಚಿಡಲಿಲ್ಲ. ಆಗಿನ ಕಾನೂನಿನಲ್ಲಿ ಅದು ಅಪರಾಧ. ಸೆರೆಮನೆಗೆ ಹೋಗುವ ಬದಲು ಒಂದು ವರ್ಷ ಹೆಣ್ಣಿನ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕಾಯಿತು. ಸರ್ಕಾರದ ಗುಪ್ತ ಕೆಲಸದ ಬಾಗಿಲು ಮುಚ್ಚಿತು. 1954ರ ಜೂನ್ 7ರಂದು, ಇನ್ನೂ 42 ತುಂಬದ ಅವರು ಸಯನೈಡ್ ವಿಷದಿಂದ ತೀರಿಕೊಂಡರು. ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಪ್ರಯೋಗದ ವೇಳೆ ಆದ ಅವಘಡವೆಂದೇ ತಾಯಿ ನಂಬಿದ್ದರು. ಒಮ್ಮೆ ಕೂಸನ್ನು ಬಿಟ್ಟು ಹಡಗು ಹತ್ತಿದ್ದ ಆ ತಾಯಿ, ಎಪ್ಪತ್ತು ದಾಟಿದ ಮೇಲೆ ಮಗನ ಜೀವನಚರಿತ್ರೆಯನ್ನು ತಾವೇ ಬರೆದು 1959ರಲ್ಲಿ ಪ್ರಕಟಿಸಿದರು.

2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯವರ ಕ್ಷಮಾದಾನ ಬಂತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಮುದ್ರಣವಾಯಿತು. ಭಾರತದಲ್ಲಿಯೂ ವಯಸ್ಕರ ಇಂಥ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಆದರೆ ಸತ್ತವರಿಗೆ ಕ್ಷಮಾದಾನದಿಂದ ಏನು ಬಂತು?

ಪ್ರಿಯ ತಂದೆತಾಯಿಗಳೇ, ಸಂಬಂಧಗಳ ಬಗ್ಗೆ ಧರ್ಮಸಭೆಯ ಬೋಧನೆ ನಿಮಗೆ ತಿಳಿದಿದೆ. ಆದರೆ ಇಂಥವರನ್ನು ಗೌರವದಿಂದ, ಕನಿಕರದಿಂದ ಕಾಣಬೇಕು, ಅನ್ಯಾಯವಾಗಿ ಭೇದ ತೋರಬಾರದು ಎಂದು ಕಲಿಸುವುದೂ ಅದೇ ಧರ್ಮಸಭೆ. ನಿಮ್ಮ ಮನೆಯಲ್ಲೂ ಎಲ್ಲರಂತಿರದ ಮಗುವೊಂದು ಇರಬಹುದು. ಅದು ಮನಸ್ಸು ಬಿಚ್ಚಿ ಮಾತಾಡಲು ಬಂದ ದಿನ ಬೈದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಊರು ಏನೆನ್ನುತ್ತದೋ ಎಂಬ ಚಿಂತೆ ಆಮೇಲಿರಲಿ. ಮೊದಲು ಮಗು ಬದುಕಿರಲಿ.