ಯಲ್ಲಾಪ್ರಗಡ ಸುಬ್ಬರಾವ್

ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಪಾಲಿಸುವ ಹರಿಯೂ ಲಯಗೊಳಿಸುವ ಹರನೂ ಒಂದೇ ವಿಗ್ರಹದಲ್ಲಿ ನೆಲೆಸಿದ್ದಾರೆ. ಪೋಷಣೆ ಮತ್ತು ನಾಶ ಎಂಬ ಈ ಎರಡು ಶಕ್ತಿಗಳನ್ನೂ ರೋಗಿಗಳ ಹಿತಕ್ಕಾಗಿ ದುಡಿಸಿಕೊಂಡ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್.

1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದ ಸುಬ್ಬರಾಯರು ಬಡತನದಲ್ಲಿಯೇ ಬೆಳೆದು ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತರು. ಅವರು ಖಾದಿ ತೊಟ್ಟದ್ದು ಆಂಗ್ಲ ಪ್ರಾಧ್ಯಾಪಕರಿಗೆ ರುಚಿಸಲಿಲ್ಲ, ಎಂ.ಬಿ.ಬಿ.ಎಸ್. ಬದಲಿಗೆ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಸೋದರನನ್ನು ಬಲಿತೆಗೆದುಕೊಂಡಿತು. ಆ ಬೇನೆಗೆ ಮದ್ದನ್ನು ಕಾಣಬೇಕೆಂಬ ಹಂಬಲ ಅವರಲ್ಲಿ ಬೇರೂರಿತು.

1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕೂಲಿ ಮಾಡುತ್ತ ಹಗಲು ಅಧ್ಯಯನ ನಡೆಸಿದರು. 1925ರಲ್ಲಿ ಫಿಸ್ಕೆಯವರೊಡನೆ ರಂಜಕವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ಆದರೂ ಅಲ್ಲಿ ಸ್ಥಿರವಾದ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದ ಅವರ ಮುಂದಾಳುತನದಲ್ಲಿ 1945ರಲ್ಲಿ ಫೋಲಿಕ್ ಆಮ್ಲ ಸಿದ್ಧವಾಯಿತು. ಅದು ಸ್ಪ್ರೂ ರೋಗಿಗಳಿಗೆ ಸಂಜೀವಿನಿಯಾಯಿತು.

ಆದರೆ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳು ವೃದ್ಧಿಯಾಗಲೂ ಈ ಆಮ್ಲ ಬೇಕು. ಆದುದರಿಂದ ಸುಬ್ಬರಾಯರ ಬಳಗ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕಾರ್ಯವನ್ನು ತಡೆಯುವ ಅಮಿನಾಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್‌ಗಳನ್ನು ತಯಾರಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ನನ್ನು 16 ಮಕ್ಕಳಿಗೆ ನೀಡಿದಾಗ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. ಈ ವಾರ್ತೆ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ಕಾಲವಶರಾದರು.

ಅವರು ತೆರೆದ ದಾರಿ ಅಲ್ಲಿಗೇ ನಿಲ್ಲಲಿಲ್ಲ. ರೋಗಿಯ ರಕ್ತದಿಂದ ತೆಗೆದ ಕೋಶಗಳು ಗಾಜಿನ ಪಾತ್ರೆಯಲ್ಲಿ ಸಾಮಾನ್ಯವಾಗಿ ಬಹುಕಾಲ ಬದುಕವು. 1964ರಲ್ಲಿ ಫಾರ್ಬರ್ ಸ್ಥಾಪಿಸಿದ ಸಂಸ್ಥೆಯಲ್ಲಿಯೇ ಲ್ಯುಕೇಮಿಯಾ ಪೀಡಿತ ಬಾಲಕಿಯೊಬ್ಬಳ ರಕ್ತಕೋಶಗಳಿಂದ ನಿರಂತರವಾಗಿ ಬೆಳೆಯುವ ಸಂತತಿಯೊಂದು ದೊರೆಯಿತು. ಸಿ.ಸಿ.ಆರ್.ಎಫ್.-ಸಿ.ಇ.ಎಂ. ಎಂಬುದು ಅದರ ಹೆಸರು. ಇಂತಹ ಕೋಶಗಳ ವರ್ಣತಂತುಗಳನ್ನೂ ಮೇಲ್ಮೈಯ ಗುರುತುಗಳನ್ನೂ ಪರೀಕ್ಷಿಸಿ ಅವುಗಳ ಕುಲವನ್ನು ನಿರ್ಧರಿಸುತ್ತಾರೆ. ಅವುಗಳನ್ನು ಬೆಳೆಸುವ ದ್ರವದಲ್ಲಿ ಫೋಲಿಕ್ ಆಮ್ಲವಿರುತ್ತದೆ. ಅವುಗಳ ಮೇಲೆಯೇ ಮೆಥೊಟ್ರೆಕ್ಸೇಟಿನ ಬಲವನ್ನೂ ಕೋಶಗಳು ಅದಕ್ಕೆ ಒಡ್ಡುವ ಪ್ರತಿರೋಧವನ್ನೂ ಅಳೆಯುತ್ತಾರೆ. ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನವೇ ಹೊಸ ಮದ್ದುಗಳ ಗುಣವನ್ನು ಅರಿಯಲು ಇದು ನೆರವಾಯಿತು.

ಇಂದು ದಾವಣಗೆರೆಯಂತಹ ಊರುಗಳಲ್ಲಿ ವೈದ್ಯಶಾಸ್ತ್ರವನ್ನು ಕಲಿಯುವ ತರುಣರೂ ಮೆಥೊಟ್ರೆಕ್ಸೇಟಿನ ಪಾಠವನ್ನು ಓದುತ್ತಾರೆ. ಪದವಿಯಿಂದಲೂ ಹುದ್ದೆಯಿಂದಲೂ ವಂಚಿತರಾದ ಸುಬ್ಬರಾಯರು ಕೀರ್ತಿಯನ್ನು ಅರಸದೆ ದುಡಿದರು. ಆ ದುಡಿಮೆಯ ಫಲವನ್ನು ಅಸಂಖ್ಯ ಮಕ್ಕಳು ಉಂಡಿದ್ದಾರೆ.